ಅಸಲಿಗೆ ಕೈ ಹಚ್ಚಿದ ಮೇಲೆ

ಬಣಕಲ್ಲಿನ ಅಂಗಡಿ ಸಾಹುಕಾರರು ಬೆಲ್ಲ ಕಟ್ಟಿಕೊಟ್ಟು, ದುಡ್ಡಿಗೆಂದು ಸೆರಗಿನ ಗಂಟು ಬಿಚ್ಚುತ್ತಿದ್ದ ನನ್ನನ್ನು ನೋಡಿ ನಕ್ಕು, "ಇರ್ಲಿ ಬಿಡಿ ಅಮ್ಮಾ, ನಿಮ್ಮನೆಯೋರ ಹತ್ರ ಚಿಲ್ಲರೆ ಇಸ್ಕೊಳ್ಳೋದು ಎಂಥ ಚೆಂದ?" ಎಂದಾಗಲೇ ನನಗೆ ಅನುಮಾನ ಬಂದಿತ್ತು. ಮದುವೆಯಾಗಿ ಆ ಸೀಮೆಗೆ ಬಂದು ನನಗಿನ್ನೂ ತಿಂಗಳು ತುಂಬಿರಲಿಲ್ಲ. ನಮ್ಮಪ್ಪ ಹಳ್ಳಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ ಮೇಷ್ಟರು. ಅಂಗಡಿಯವನು ದುಡ್ಡು ಬೇಡ ಎಂದರೆ ಅವನು ಅದನ್ನು ಬೇರೆ ಕಡೆಯಿಂದ ಆಗಲೇ ತೆಗೆದುಕೊಂಡಾಗಿದೆ ಎಂದು ತಿಳಿ ಎನ್ನುತ್ತಿದ್ದರು.

ತೋಟಕ್ಕೆ ನಡೆದು ಹೋಗುವ ದಾರಿಯಲ್ಲಿ ಯಜಮಾನರನ್ನು ಕೇಳಿದೆ.

"ಸಾಹುಕಾರ್ರಿಗೂ ನಮಗೂ ಎಂಥ ಲೆಕ್ಕ?"

"ಎಂಥದೂ ಇಲ್ಲ ಮಾರಾಯ್ತಿ. ಅಪ್ಪನ ಕಾಲದ್ದು ಸ್ವಲ್ಪ ಉಂಟು."

"ಸ್ವಲ್ಪ ಅಂದ್ರೆ?"

ಅವರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಸುಳ್ಳು ಹೇಳಲು ಬಾರದ ಮನುಷ್ಯ. ಹೇಳಬಾರದ್ದು ಇದ್ದಾಗ ಸುಮ್ಮನಾಗಿಬಿಡುತ್ತಿದ್ದರು. ಈ ಸುಮ್ಮನಿರುವವರ ಜೊತೆ ಸಂಸಾರ ಮಾಡುವುದು ಸುಳ್ಳುಗಾರರ ಜೊತೆ ಮಾಡುವುದಕ್ಕಿಂತ ಕಷ್ಟ ಎಂದು ನನಗೆ ಆಗ ಗೊತ್ತಿರಲಿಲ್ಲ.

ನಾನು ಹೇಳುತ್ತಿರುವುದು ಎರಡನೇ ದೊಡ್ಡ ಯುದ್ಧಕ್ಕೆ ಮುಂಚಿನ ಮಾತು. ಬಣಕಲ್ಲಿನಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸರಿದು ಒಬ್ಬ ಬಿಳಿ ದೊರೆಯ ಕಾಫಿ ತೋಟವಿತ್ತು. ನನ್ನ ಯಜಮಾನರು ಅಲ್ಲಿ ರೈಟರು. ಆಳುಗಳ ಹಾಜರಿ ಹಾಕುವುದು, ಕೊಯ್ದ ಹಣ್ಣು ತೂಗಿಸುವುದು, ಹಣ್ಣಿನ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಮೂಟೆ ಕಟ್ಟಿಸಿ ಸ್ಟೋರಿಗೆ ತುಂಬಿಸುವುದು ಅವರ ಕೆಲಸ. ಸ್ಟೋರಿನ ಬೀಗದ ಕೈ ಸದಾ ಅವರ ಸೊಂಟದಲ್ಲಿ. ಇರಲು ತೋಟದವರೇ ಕೊಟ್ಟ ಎರಡು ಕೋಣೆಯ ಮನೆ. ಅತ್ತೆ, ಮಾವ ಇಬ್ಬರೂ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಮಾವನವರು ಬದುಕಿದ್ದಾಗ ಬಣಕಲ್ ಹತ್ತಿರದ ಒಂದು ಗದ್ದೆಯನ್ನು ಸಾಹುಕಾರರಿಗೆ ಅಡವಿಟ್ಟು ಮುನ್ನೂರು ರೂಪಾಯಿ ಸಾಲ ತೆಗೆದು, ಗುಡ್ಡದ ಮೇಲೆ ಸ್ವಂತಕ್ಕೆಂದು ಒಂದಿಷ್ಟು ಕಾಫಿ ಗಿಡ ಹಾಕಿದ್ದರಂತೆ. ಗಿಡ ಫಸಲಿಗೆ ಬರುವ ಹೊತ್ತಿಗೆ ಬೋರರ್ ಹುಳು ಕಾಂಡವನ್ನೆಲ್ಲ ಕೊರೆದು ತಿಂದಿತು. ಗಿಡ ಹೋಯಿತು, ಮಾವನವರೂ ಹೋದರು, ಸಾಲ ಉಳಿಯಿತು. ಅಂದಿನಿಂದ ಪ್ರತಿ ವರ್ಷ ಕೊಯ್ಲು ಮುಗಿದು ತೋಟದವರು ಇನಾಮು ಕೊಟ್ಟಾಗ ಯಜಮಾನರು ಅದನ್ನೂ, ಸಂಬಳದಲ್ಲಿ ಒಂದು ಪಾಲನ್ನೂ ಒಯ್ದು ಬಡ್ಡಿಗೆ ಕಟ್ಟಿ ಬರುತ್ತಿದ್ದರು. ಇದನ್ನೆಲ್ಲ ನಾನು ಒಂದೇ ದಿನ ತಿಳಿದದ್ದಲ್ಲ. ಮೊದಲ ಮಗಳು ಹುಟ್ಟುವ ಹೊತ್ತಿಗೆ ಒಂದೊಂದೇ ಚೂರು ಕಿತ್ತು ತೆಗೆದೆ. ಎಲ್ಲವನ್ನೂ ಕೂಡಿಸಿ ನೋಡಿದರೆ ಅಲ್ಲಿಯ ತನಕ ಕಟ್ಟಿದ ಬಡ್ಡಿಯೊಂದೇ ಅಸಲನ್ನು ದಾಟಿ ಹೋಗಿತ್ತು.

"ಇಷ್ಟು ವರ್ಷ ಕಟ್ಟಿದ್ರಲ್ಲ, ಅಸಲಿಗೆ ಎಷ್ಟು ಹೋಯ್ತು?" ಎಂದು ಕೇಳಿದೆ.

"ಅಸಲು ಅಸಲೇ ಕಣೇ. ಅದು ಹಾಗೇ ಇರ್ತದೆ. ಸಾಹುಕಾರ್ರು ಯಾವತ್ತೂ ಒತ್ತಾಯ ಮಾಡ್ಲಿಲ್ಲ, ಪಾಪ."

ಆ 'ಪಾಪ' ಎಂಬ ಮಾತು ನನಗೆ ಹಿಡಿಸಲಿಲ್ಲ. ಸಾಲ ಕೊಟ್ಟು ಒತ್ತಾಯ ಮಾಡದವನನ್ನು ನಾನು ಎಲ್ಲೂ ಕಂಡಿರಲಿಲ್ಲ. ಈ ಮನುಷ್ಯನಿಗೆ ಅಸಲು ಬೇಕಾಗಿಯೇ ಇಲ್ಲ ಎಂದು ನನಗೆ ಅವತ್ತು ಹೊಳೆಯಿತು. ಅವರಿಗೆ ಬೇಕಾದದ್ದು ನಾವು, ವರ್ಷವರ್ಷವೂ.

ಎರಡನೇ ಮಗಳು ಹುಟ್ಟಿದ ಮೇಲೆ ಒಂದು ದಿನ ಚಿಕ್ಕಮಗಳೂರಿನಿಂದ ಒಬ್ಬ ಏಜೆಂಟ್ ಬಂದ. ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನನ್ನು ಕಂತಿನ ಮೇಲೆ ಕೊಡುತ್ತಾನಂತೆ. ನನಗೆ ಹೊಲಿಗೆ ಬರುತ್ತಿತ್ತು. ತವರಿನಲ್ಲಿ ಪಕ್ಕದ ಮನೆಯ ದರ್ಜಿಯ ಹೆಂಡತಿ ಕಲಿಸಿದ್ದಳು. ಏಜೆಂಟ್ ಬಹಳ ಸಿಹಿಯಾಗಿ ಮಾತಾಡಿದ, ಆದ್ದರಿಂದ ಅವನನ್ನೂ ನಾನು ನಂಬಲಿಲ್ಲ. ಮಿಷನ್ ಬಿಚ್ಚಿಸಿ, ಜೋಡಿಸಿ, ನನ್ನ ಹಳೇ ಸೀರೆಯ ಅಂಚನ್ನು ಅವನ ಎದುರೇ ಹೊಲಿದು ನೋಡಿ, ಕಂತು ತಪ್ಪಿದರೆ ಏನು ಮಾಡುತ್ತೀರಿ ಎಂಬುದನ್ನು ಎರಡು ಸಲ ಬಾಯಿಬಿಟ್ಟು ಹೇಳಿಸಿದೆ. ಮೊದಲ ಕಂತಿಗೆ ನನ್ನ ಕಿವಿಯ ಬುಗುಡಿ ಮಾರಿದೆ.

"ಸಾಲ ತೀರ್ಸಕ್ಕೆ ಇನ್ನೊಂದು ಸಾಲವಾ?" ಎಂದು ಯಜಮಾನರು ತಲೆ ಮೇಲೆ ಕೈ ಹೊತ್ತರು.

"ಇದಕ್ಕೆ ಕೊನೆ ಅಂತ ಒಂದು ಉಂಟಲ್ಲ" ಎಂದೆ.

ಆಳುಗಳ ಲೈನ್ ಮನೆಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ಹೆಂಗಸರು ಬಹಳ ಜನ ಇದ್ದರು. ರವಿಕೆ ಹೊಲಿಸಬೇಕಾದರೆ ಅವರು ಬಟವಾಡೆಯಾದ ಮೇಲೆ ಬಣಕಲ್ಲಿನ ಸಂತೆಗೆ ಹೋಗಿ, ಬಟ್ಟೆ ಕೊಟ್ಟು, ಮುಂದಿನ ಸಂತೆಯ ತನಕ ಕಾಯಬೇಕಿತ್ತು. ನಾನು ಮನೆ ಬಾಗಿಲಲ್ಲೇ ಹೊಲಿದುಕೊಡುತ್ತೇನೆಂದು ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿಯ ಹೆಂಡತಿಗೆ ಹೇಳಿದೆ. ಗಟ್ಟಿ ಗಂಟಲಿನ ಹೆಂಗಸು. ಅವಳಿಗೆ ಹೇಳಿದರೆ ಇಡೀ ತೋಟಕ್ಕೆ ಡಂಗುರ ಹೊಡೆಸಿದಂತೆ. ಬಟ್ಟೆ ಬಂತು, ಅದರ ಹಿಂದೆಯೇ ಅನುಮಾನವೂ ಬಂತು.

"ರೈಟ್ರಮ್ಮ, ನಾ ಕೊಟ್ಟ ಬಟ್ಟೆಗೆ ರವಿಕೆ ಇಷ್ಟೇ ಆಗ್ತದಾ? ಕತ್ತರಿಸಿದ ಚೂರೆಲ್ಲ ಎಲ್ಲಿ?"

ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ನನ್ನ ಹಾಗೇ ಯೋಚಿಸುವ ಇನ್ನೊಬ್ಬಳು ಸಿಕ್ಕಿದ್ದಳಲ್ಲ. ಮರುದಿನದಿಂದ ಪ್ರತಿ ರವಿಕೆಯ ಜೊತೆ ಅದರದೇ ಚೂರುಗಳನ್ನು ದಾರ ಕಟ್ಟಿ ಕೊಡತೊಡಗಿದೆ. ಇದರಿಂದ ಗಿರಾಕಿ ಹೆಚ್ಚಿದರು. ತೊಂದರೆಯಾದದ್ದು ನನ್ನ ಮಕ್ಕಳಿಗೆ. ತೇಪೆ ಹಾಕಲು ಒಂದು ಚೂರೂ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಹಿರಿಯವಳು ಒಂದು ಹಬ್ಬದ ದಿನ ತನ್ನ ಮಾಸಿದ ಲಂಗ ಹಿಡಿದು, "ಲೈನಿಗೆಲ್ಲ ಹೊಲೀತೀಯ, ನಂಗೆ ಮಾತ್ರ ಇಲ್ವಾ ಅಮ್ಮಾ?" ಎಂದಳು. ಬರುವ ವರ್ಷ ಎಂದೆ. ಆ ಮಾತನ್ನು ನಾನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ, ಅವಳು ಕೇಳುವುದನ್ನೇ ಬಿಟ್ಟಳು. ಕೇಳುತ್ತಿದ್ದಾಗಿನದಕ್ಕಿಂತ ಬಿಟ್ಟಮೇಲೆ ಹೆಚ್ಚು ನೋವಾಯಿತು.

ಮಿಷನ್ನಿನ ಕಂತು ಮುಗಿದ ಮೇಲೆ ಬಂದದ್ದೆಲ್ಲ ಉಳಿಯತೊಡಗಿತು. ಬೆಲ್ಲದ ಕಾಫಿ ಬಿಟ್ಟು ಗಂಜಿ ಕುಡಿದೆವು. ಕೋಳಿ ಸಾಕಿ ಮೊಟ್ಟೆಯನ್ನು ದೊರೆಯ ಬಂಗಲೆಯ ಅಡಿಗೆಯವನಿಗೆ ಮಾರಿದೆ. ನಮ್ಮ ಮಕ್ಕಳು ಮೊಟ್ಟೆ ಎಣಿಸುತ್ತಿದ್ದರೇ ಹೊರತು ತಿನ್ನುತ್ತಿರಲಿಲ್ಲ. ಉಳಿದದ್ದರಲ್ಲಿ ಒಂದು ಭಾಗವನ್ನು ಯಜಮಾನರ ಕೈಗೆ ಕೊಟ್ಟು, ಇದು ಅಸಲಿಗೆ ಎಂದೆ. ಇನ್ನೊಂದು ಭಾಗದ ವಿಷಯ ಅವರಿಗೂ ಹೇಳಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಕೇಳಿದವರಿಗೆ ಇಲ್ಲ ಎನ್ನಲಾರರು. ಕೈಯಲ್ಲಿ ದುಡ್ಡಿದೆ ಎಂದು ಗೊತ್ತಾದರೆ ಅಣ್ಣ ತಮ್ಮ, ಅಕ್ಕ ಭಾವ ಎಲ್ಲರೂ ಬಾಗಿಲಿಗೆ ಬರುತ್ತಾರೆಂದು ನನಗೆ ಭಯ. ಚಿಲ್ಲರೆಯನ್ನು ಬಂಗಲೆಯ ಅಡಿಗೆಯವನ ಹತ್ತಿರ ನೋಟು ಮಾಡಿಸಿ, ಬೂರುಗದ ಹತ್ತಿಯ ದಿಂಬಿನ ಹೊಲಿಗೆ ಬಿಚ್ಚಿ ಒಳಗಿಟ್ಟು ಮತ್ತೆ ಹೊಲಿಯುತ್ತಿದ್ದೆ. ಆ ದಿಂಬಿನ ಮೇಲೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ತಲೆ ಇಡಲು ಬಿಡುತ್ತಿರಲಿಲ್ಲ.

ಅಸಲಿನ ಮೊದಲ ಹಣ ಕಟ್ಟಲು ನಾನೂ ಬಣಕಲ್ಲಿಗೆ ಹೋದೆ. ಸಾಹುಕಾರರು ದುಡ್ಡನ್ನು ನೋಡಿದರು, ನನ್ನನ್ನು ನೋಡಿದರು. ಮುಟ್ಟಲಿಲ್ಲ.

"ಇಷ್ಟು ಅವಸರ ಎಂಥಕ್ಕೆ? ನಾನೇನು ಕೇಳಿದ್ನಾ? ಮಕ್ಕಳು ಮರಿ ಇರೋ ಮನೆ, ಕಷ್ಟ ಸುಖಕ್ಕೆ ಇಟ್ಕೊಳ್ಳಿ ರೈಟರೇ."

"ಇರ್ಲಿ ಸಾಹುಕಾರ್ರೆ, ತಗೊಳ್ಳಿ. ಅಸಲಿಗೆ ಇಷ್ಟು ಬಂತು ಅಂತ ಒಂದು ಚೀಟಿ ಬರ್ದು ಸಹಿ ಮಾಡಿ ಕೊಡಿ" ಎಂದೆ ನಾನು.

ಯಜಮಾನರು ನಾಚಿಕೆಯಿಂದ ಬೀದಿಯ ಕಡೆ ಮುಖ ತಿರುಗಿಸಿದರು. ಸಾಹುಕಾರರ ನಗು ಸ್ವಲ್ಪ ಕುಗ್ಗಿತು.

"ಅಪ್ಪನ ಕಾಲದಿಂದ ಚೀಟಿ ಗೀಟಿ ಇರ್ಲಿಲ್ಲ ಅಮ್ಮಾ. ನಮ್ಮ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಉಂಟು. ನೆನಪಿನ ಮೇಲೆ ನಂಬಿಕೆ ಇಲ್ಲ. ನನಗೇ ಮರೀತದೆ, ನೋಡಿ."

ಚೀಟಿ ಬರೆದುಕೊಟ್ಟರು. ಹೊರಡುವಾಗ, "ಹೊಲಿಗೇಲಿ ಇಷ್ಟು ದುಡ್ಡು ಬರ್ತದಾ! ನಾನೂ ಅಂಗಡಿ ಮುಚ್ಚಿ ಮಿಷನ್ ತಗೊಳ್ಬೇಕು" ಎಂದರು. ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನನಗೆ ಅದು ತಮಾಷೆಯಾಗಿ ಕೇಳಲಿಲ್ಲ.

ಹೀಗೆ ಎರಡು ಕೊಯ್ಲು ಕಳೆದವು. ಗಂಡು ಮಗುವೊಂದು ಹುಟ್ಟಿತು. ಅಸಲು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆ ವರ್ಷವೇ ಕಾಫಿ ಬೀಜದ ಹೊಟ್ಟು ತೆಗೆದು ಹದ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಿಂದ ದೊರೆಗೆ ಕಾಗದ ಬಂತು. ಪಾರ್ಚ್‌ಮೆಂಟ್ ಮೂಟೆಗಳು ತೋಟದಿಂದ ಹೊರಟ ತೂಕದಲ್ಲಿ ಅಲ್ಲಿಗೆ ತಲುಪುತ್ತಿಲ್ಲವಂತೆ. ಕಾಫಿ ಬೆಲೆ ನೆಲ ಕಚ್ಚಿದ್ದ ಕಾಲ. ದೊರೆ ಒಂದೊಂದು ಸೇರಿಗೂ ಲೆಕ್ಕ ಕೇಳುತ್ತಿದ್ದ. ತೋಟದಲ್ಲಿ ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಲ್ಲಿ ನೋಡತೊಡಗಿದರು. ಒಣ ಹಾಕುವ ಕಣದ ಕಾವಲುಗಾರ ಮೇಸ್ತ್ರಿಯ ಕಡೆ ಕೈ ತೋರಿಸಿದ. ಮೇಸ್ತ್ರಿ ಮೂಟೆ ಸಾಗಿಸುವ ಎತ್ತಿನ ಗಾಡಿಯವರ ಕಡೆ ತೋರಿಸಿದ. ಗಾಡಿಯವರು, ಬೀಗದ ಕೈ ಯಾರ ಹತ್ರ ಇರ್ತದೆ ಕೇಳಿ ಎಂದರು.

ಒಂದು ಬೆಳಿಗ್ಗೆ ನಾನು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಅಂಗಳದಲ್ಲಿ ಬೂಟಿನ ಸದ್ದಾಯಿತು. ದೊರೆ, ಕಾವಲುಗಾರ, ಮೇಸ್ತ್ರಿ, ಅವರ ಹಿಂದೆ ಮುಖ ಬಿಳಿಚಿಕೊಂಡ ನನ್ನ ಯಜಮಾನರು. ದೊರೆಗೆ ಕನ್ನಡ ಬರುತ್ತಿತ್ತು, ಆದರೆ ಎಲ್ಲರಿಗೂ ನೀನು ಎಂದೇ ಹೇಳುತ್ತಿದ್ದ.

"ರೈಟರ್, ನಿನ್ನ ಮನೆ ನೋಡ್ಬೇಕು."

"ನೋಡಿ ದೊರೆ. ಆದ್ರೆ ಯಾಕೆ ಅಂತ..."

"ಬಣಕಲ್ ಅಂಗಡಿ ಹೇಳ್ತಾನೆ, ನೀನು ಸಾಲ ಕಟ್ತೀಯ, ಬೇಗ ಬೇಗ ಕಟ್ತೀಯ. ನಿನಗೆ ಸಂಬಳ ನಾನು ಕೊಡ್ತೇನೆ. ಎಷ್ಟು ಅಂತ ನನಗೆ ಗೊತ್ತು."

ಸಾಲದಲ್ಲಿ ಮುಳುಗಿದ್ದಾಗ ನಮ್ಮನ್ನು ಯಾರೂ ಕಳ್ಳರೆಂದಿರಲಿಲ್ಲ. ತೀರಿಸತೊಡಗಿದ ಮೇಲೆ ಮನೆಗೆ ಶೋಧನೆ ಬಂತು.

ಕಾವಲುಗಾರ ಅಡಿಗೆ ಕೋಣೆಯ ಮಡಕೆಗಳನ್ನು ಇಳಿಸಿದ, ಅಕ್ಕಿಯೊಳಗೆ ಕೈಯಾಡಿಸಿದ, ಕೋಳಿಗೂಡಿನಲ್ಲಿ ಬಗ್ಗಿ ನೋಡಿದ. ಕಾಫಿಯ ಒಂದು ಬೀಜವೂ ಸಿಗಲಿಲ್ಲ. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವನು ಹಾಸಿಗೆಯ ಸುರುಳಿಯ ಕಡೆ ಬಂದಾಗ ನನ್ನ ಕೈ ತಾನಾಗಿ ಚಾಚಿ ಆ ದಿಂಬನ್ನು ಎಳೆದುಕೊಂಡು ಮಗುವಿನ ತಲೆಯ ಕೆಳಗೆ ತುರುಕಿತು. ದೊರೆ ಅದನ್ನು ನೋಡಿದ. ಬೆರಳು ಚಾಚಿ ತೋರಿಸಿದ. ಕಾವಲುಗಾರ ದಿಂಬನ್ನು ಒತ್ತಿದಾಗ ಒಳಗೆ ಕಾಗದ ಸದ್ದು ಮಾಡಿತು.

ಬೂರುಗದ ಹತ್ತಿ ಮನೆ ತುಂಬ ಹಾರಿತು. ಎರಡನೆಯವಳು ಅದನ್ನು ಹಿಡಿಯಲು ಓಡಾಡಿ ನಗುತ್ತಿದ್ದಳು. ಹಿರಿಯವಳು ಗೋಡೆಗೆ ಅಂಟಿ ನಿಂತಿದ್ದಳು.

"ರೈಟರ್, ಇದು ಎಲ್ಲಿಂದ ಬಂತು?" ದೊರೆಯ ಕೈಯಲ್ಲಿ ನೋಟುಗಳಿದ್ದವು.

"ನನಗೆ ಗೊತ್ತಿಲ್ಲ ದೊರೆ."

ಅದು ನಿಜವೇ. ಆದರೆ ಆ ನಿಜ ಕಳ್ಳನ ಮಾತಿನ ಹಾಗೆ ಕೇಳಿಸಿತು. ಅವರು ನನ್ನ ಕಡೆ ತಿರುಗಿದರು. ಆ ನೋಟವನ್ನು ಹೇಗೆ ಹೇಳಲಿ? ದೊರೆಯ ಕಣ್ಣಿನಲ್ಲಿದ್ದುದೇ ಅವರ ಕಣ್ಣಿನಲ್ಲೂ ಇತ್ತು.

ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, "ಅದು ನನ್ನ ಹೊಲಿಗೆ ದುಡ್ಡು ದೊರೆ. ಮೊಟ್ಟೆ ದುಡ್ಡೂ ಉಂಟು. ನಿಮ್ಮ ಅಡಿಗೆಯೋರನ್ನ ಕೇಳಿ, ಲೈನಿನ ಹೆಂಗಸ್ರನ್ನ ಕೇಳಿ" ಎಂದೆ.

"ನಿನ್ನ ಗಂಡನಿಗೆ ಯಾಕೆ ಗೊತ್ತಿಲ್ಲ?"

ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಾರೆಂದು ಗಂಡನ ಎದುರೇ ಹೇಳಲಾರದೆ ಮಗುವನ್ನು ಎತ್ತಿಕೊಂಡೆ. ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದ. ತನ್ನ ಹೆಂಡತಿಯ ರವಿಕೆಗಳನ್ನೆಲ್ಲ ನಾನೇ ಹೊಲಿದವಳೆಂದು ಅವನಿಗೆ ಗೊತ್ತು. ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅನುಮಾನ ಮುಂದೆ ಯಾರ ಮನೆಗೆ ಹೋಗುತ್ತದೆಂದು ಅವನು ಲೆಕ್ಕ ಹಾಕಿರಬೇಕು. ದೊರೆ ನೋಟುಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಇದು ಆಫೀಸಿನಲ್ಲಿ ಇರ್ತದೆ ಎಂದ. ಬೀಗದ ಕೈಗೆ ಕೈಯೊಡ್ಡಿದ. ಯಜಮಾನರು ಸೊಂಟದಿಂದ ಬಿಚ್ಚಿ ಕೊಟ್ಟರು. ಕೆಲಸಕ್ಕೆ ಬರಬೇಡ, ನಾನು ಹೇಳುವ ತನಕ ಊರು ಬಿಡಬೇಡ ಎಂದು ಹೇಳಿ ಹೋದ.

ಆಮೇಲಿನ ದಿನಗಳು ನನ್ನ ಸಂಸಾರದಲ್ಲೇ ಕೆಟ್ಟ ದಿನಗಳು. ಸಂಬಳ ಇಲ್ಲ. ಲೈನಿನ ಹೆಂಗಸರು ನಮ್ಮ ಅಂಗಳ ತುಳಿಯಲು ಹೆದರಿ, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನೂ ವಾಪಸ್ ಒಯ್ದರು. ಹಿತ್ತಲಿನ ಎಳೆ ಹಲಸು ಕೊಯ್ದು ಬೇಯಿಸಿ, ಅದರ ಮೇಲೆ ಗಂಜಿ ಸುರಿದು ಮಕ್ಕಳಿಗೆ ಕೊಡುತ್ತಿದ್ದೆ. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದರು. ಒಂದು ಮಧ್ಯಾಹ್ನ ಉಣ್ಣಲು ಕುಳಿತವರು ತಟ್ಟೆ ಸರಿಸಿ ಕೇಳಿದರು:

"ನನ್ನ ಹತ್ರ ಅಷ್ಟು ಮುಚ್ಚಿಟ್ಟೋಳು ಇನ್ನೆಷ್ಟು ಮುಚ್ಚಿಟ್ಟಿದೀಯ?"

"ಇನ್ನೇನೂ ಇಲ್ಲ."

"ಅದು ಪೂರ್ತಿ ಹೊಲಿಗೆ ದುಡ್ಡೇನಾ? ನನ್ನಾಣೆ ಇಟ್ಟು ಹೇಳು. ನಾನು ಮಲಗಿದಾಗ ಬೀಗದ ಕೈ ಗೂಟದಲ್ಲಿ ಇರ್ತಿತ್ತಲ್ಲ."

ಹತ್ತು ಬೆರಳಿಗೂ ಸೂಜಿ ಚುಚ್ಚಿಸಿಕೊಂಡು ಕೂಡಿಸಿದ ದುಡ್ಡು. ನನ್ನ ಬಾಯಿಂದ ಬಂದದ್ದು ಬೇರೆಯೇ:

"ಬೀಗದ ಕೈ ನಿಮ್ಮ ಸೊಂಟದಲ್ಲೂ ಇರ್ತಿತ್ತಲ್ಲ. ನಿಮ್ಮಣ್ಣ ಹೋದ ವರ್ಷ ಬಂದು ಕೈ ತುಂಬ ತಗೊಂಡು ಹೋದ್ರು. ಅದೆಲ್ಲಿಂದ ಬಂತು ಅಂತ ನಾನು ಕೇಳಿದ್ನಾ?"

ಅವರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ಅಣ್ಣನಿಗೆ ಕೊಟ್ಟದ್ದು ತೋಟದಲ್ಲಿ ಮುಂಗಡ ತೆಗೆದ ಸಂಬಳವೆಂದು ನನಗೆ ಆಮೇಲೆ ತಿಳಿಯಿತು. ಆದರೆ ಆ ದಿನಗಳಲ್ಲಿ, ಸತ್ಯವಾಗಿ ಹೇಳುತ್ತೇನೆ, ಒಂದೊಂದು ಸಲ ಅವರ ಬೆನ್ನು ನೋಡುತ್ತ, ಇವರೇ ಇರಬಹುದೇ ಎಂದುಕೊಂಡಿದ್ದೇನೆ. ಅವರೂ ನನ್ನ ಬೆನ್ನು ನೋಡಿ ಹಾಗೇ ಅಂದುಕೊಂಡಿರಬೇಕು. ಒಂದೇ ಸೂರಿನಡಿ ಮೂರು ಮಕ್ಕಳನ್ನಿಟ್ಟುಕೊಂಡು ನಾವು ಇಬ್ಬರು ಕಾವಲುಗಾರರಂತೆ ಬದುಕುತ್ತಿದ್ದೆವು.

ಅಂಥ ಹೊತ್ತಿನಲ್ಲಿ ಸಾಹುಕಾರರು ನಮ್ಮ ಮನೆಗೆ ಬಂದರು. ಆಳಿನ ತಲೆಯ ಮೇಲೆ ಅಕ್ಕಿ ಮೂಟೆ. ಮಕ್ಕಳಿಗೆ ಬತ್ತಾಸು. ಚಾಪೆಯ ಮೇಲೆ ಕುಳಿತು ದೊಡ್ಡ ಉಸಿರು ಬಿಟ್ಟರು.

"ಕೇಳಿ ಬಹಳ ಬೇಜಾರಾಯ್ತು ರೈಟರೇ. ಕಷ್ಟಕ್ಕೆ ಆಗದಿದ್ರೆ ನಾವು ಇರೋದು ಯಾಕೆ? ಅಕ್ಕಿ ಇಟ್ಕೊಳ್ಳಿ. ಕೈ ಖರ್ಚಿಗೂ ಒಂದಿಷ್ಟು ತಂದಿದೀನಿ. ಹಳೇದು ಹೊಸದು ಎಲ್ಲ ಸೇರ್ಸಿ ಒಂದೇ ಪತ್ರ ಮಾಡ್ಬಿಡುವ. ಗದ್ದೆ ಹೇಗೂ ನಮ್ಮ ಹತ್ರಾನೇ ಉಂಟು."

ಛಾಪಾ ಕಾಗದವನ್ನು ಬರೆಸಿಕೊಂಡೇ ಬಂದಿದ್ದರು. ಶಾಯಿ, ಲೇಖನಿ ಕೂಡ ಜೊತೆಗಿತ್ತು. ಯಜಮಾನರ ಕಣ್ಣು ಅಕ್ಕಿ ಮೂಟೆಯ ಮೇಲಿತ್ತು. ಅವರನ್ನು ನಾನು ದೂರುವುದಿಲ್ಲ. ಮಗು ಹಸಿವಿನಿಂದ ಅತ್ತೂ ಅತ್ತೂ ಆಗಷ್ಟೇ ಮಲಗಿತ್ತು. ಅವರು ಲೇಖನಿ ಕೈಗೆ ತೆಗೆದುಕೊಂಡರು.

ನಾನು ಒಳಗಿನಿಂದ ಬಂದು ನಡುವೆ ನಿಂತೆ.

"ಸಾಹುಕಾರ್ರೆ, ಒಂದು ಮಾತು. ನಾವು ಅಸಲು ಕಟ್ತಿರೋ ಸುದ್ದಿ ದೊರೆಗೆ ಹೇಳಿದ್ದು ನೀವೇ ಅಲ್ವಾ?"

"ಕೇಳಿದ್ರು ಅಮ್ಮಾ, ಹೇಳ್ದೆ. ದೊರೆ ಕೇಳಿದ್ರೆ ಸುಳ್ಳು ಹೇಳಕ್ಕಾಗ್ತದಾ?"

"ಕೇಳಕ್ಕೆ ದೊರೆ ನಿಮ್ಮ ಅಂಗಡಿಗೆ ಬಂದಿದ್ರಾ? ನೀವು ಬಂಗಲೆಗೆ ಹೋಗಿದ್ರಾ?"

ಸಾಹುಕಾರರು ಯಜಮಾನರ ಕಡೆ ನೋಡಿ, "ಹೆಂಗಸ್ರಿಗೆ ಈ ವ್ಯವಹಾರ ಎಲ್ಲ ತಿಳಿಯೋದಿಲ್ಲ, ನೀವು ಸಹಿ ಹಾಕಿ" ಎಂದರು. ಹೋಗಿದ್ದೆ ಎನ್ನಲಿಲ್ಲ, ಹೋಗಿರಲಿಲ್ಲ ಎಂದೂ ಅನ್ನಲಿಲ್ಲ. ಯಜಮಾನರು ಸುಮ್ಮನಿರುವುದರಲ್ಲಿ ನಿಪುಣರಲ್ಲವೇ. ಇನ್ನೊಬ್ಬರು ಸುಮ್ಮನಾದರೆ ಅದರ ಅರ್ಥ ಅವರಿಗೆ ಬೇಗ ಆಗುತ್ತಿತ್ತು. ಲೇಖನಿಯನ್ನು ಕಾಗದದ ಪಕ್ಕ ಇಟ್ಟರು.

"ಅಕ್ಕಿ ವಾಪಸ್ ತಗೊಂಡು ಹೋಗಿ ಸಾಹುಕಾರ್ರೆ" ಎಂದರು. "ಹಲಸು ಇನ್ನೂ ಉಂಟು ಮರದಲ್ಲಿ."

ಮದುವೆಯಾದ ಮೇಲೆ ಅವರು ಒಬ್ಬರಿಗೆ ಇಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತು ಸಂಜೆ ಅವರೇ ಮಾತು ತೆಗೆದರು. ನಾನು ದುಡ್ಡನ್ನು ಏಕೆ ಬಚ್ಚಿಟ್ಟೆನೆಂದು ಕೇಳಿದರು. ಹೇಳಿದೆ. ಅವರು, "ನೀನು ಹೇಳಿದ್ರೆ ಅಣ್ಣನಿಗೇ ಕೊಡ್ತಿದ್ದೆ ಕಾಣ್ತದೆ" ಎಂದರು. ಅಷ್ಟು ಒಪ್ಪಿಕೊಂಡರು. ನನ್ನ ಮನಸ್ಸು ಅರ್ಧ ಹಗುರಾಯಿತು. ಇನ್ನರ್ಧ, ಇವರು ನನ್ನನ್ನು ಪೂರ್ತಿ ನಂಬಿದರೋ ಇಲ್ಲವೋ ಎಂದು ಕಾಯುತ್ತಲೇ ಇತ್ತು.

ಬೇಸಿಗೆಯ ಮೊದಲ ಮಳೆ ಬಿದ್ದು ಕಾಫಿ ಹೂವಾಗಿತ್ತು. ಒಂದು ದಿನ ಬಂಗಲೆಯಿಂದ ಇಬ್ಬರಿಗೂ ಕರೆ ಬಂತು. ದೊರೆ ಆಫೀಸಿನ ಮೇಜಿನ ಹಿಂದೆ ಕುಳಿತಿದ್ದ. ಕೆಂಪು ಮುಖ ಇನ್ನಷ್ಟು ಕೆಂಪಾಗಿತ್ತು.

"ರೈಟರ್, ಕಡೇ ಲೋಡು ಕೂಡ ತೂಕ ಕಮ್ಮಿ ಬಂತು. ಈ ಸಲ ಕೀ ನನ್ನ ಜೇಬಿನಲ್ಲಿ ಇತ್ತು. ನಾನೇ ತೂಕ ಮಾಡಿದೆ."

ಸ್ಟೋರಿನಿಂದ ಹೊರಡುವ ತನಕ ಕಾಫಿ ಸರಿಯಾಗಿತ್ತು. ಹಾಗಾದರೆ ಕಡಿಮೆಯಾಗುವುದು ದಾರಿಯಲ್ಲಿ. ನಮ್ಮ ತೋಟದಿಂದ ಹೊರಟ ಗಾಡಿಗಳು ಬಣಕಲ್ಲಿನಲ್ಲಿ ರಾತ್ರಿ ತಂಗಿ, ಎತ್ತುಗಳಿಗೆ ಹುಲ್ಲು ಹಾಕಿ, ಬೆಳಿಗ್ಗೆ ಮೂಡಿಗೆರೆಯ ಕಡೆ ಹೋಗುತ್ತಿದ್ದವು. ತಂಗುತ್ತಿದ್ದದ್ದು ಸಾಹುಕಾರರ ಅಂಗಡಿಯ ಹಿಂದಿನ ಅಂಗಳದಲ್ಲಿ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ದೊರೆ ಕ್ಷಮೆ ಕೇಳಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲೆ ತಳ್ಳಿದ. ಆಮೇಲೆ ಲಕೋಟೆಯನ್ನು ನನ್ನ ಕಡೆ ತಳ್ಳಿದ. ನಾನು ಅಲ್ಲೇ ನಿಂತು ಒಂದೊಂದೇ ನೋಟು ತೆಗೆದು ಎಣಿಸಿದೆ. ಯಜಮಾನರು ಕೆಮ್ಮಿದರು. ದೊರೆ ಕಿಟಕಿಯ ಕಡೆ ನೋಡುತ್ತ, "ಸರಿ ಇದೆಯಾ?" ಎಂದ.

"ಸರಿ ಇದೆ ದೊರೆ. ಇವ್ರು ಮನೇಲಿ ಕೂತ ದಿನಗಳ ಸಂಬಳ?"

ಆ ಪ್ರಶ್ನೆ ನನ್ನ ಬಾಯಿಂದ ಹೇಗೆ ಬಂತೋ ನನಗೇ ತಿಳಿಯದು. ದೊರೆ ನನ್ನನ್ನು ಮೊದಲ ಸಲ ನೇರವಾಗಿ ನೋಡಿ, ಗುಮಾಸ್ತನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸಂಬಳದ ಅರ್ಧ ಬಂತು. ಉಳಿದರ್ಧ ಬರಲಿಲ್ಲ.

ಮುಂದಿನ ಕೊಯ್ಲಿನಿಂದ ದೊರೆ ಗಾಡಿಗಳನ್ನು ಬಿಡಿಸಿ ಲಾರಿ ಗೊತ್ತುಮಾಡಿದ. ಅದು ಸ್ಟೋರಿನಲ್ಲಿ ತುಂಬಿಕೊಂಡು ಎಲ್ಲೂ ನಿಲ್ಲದೆ ಅದೇ ದಿನ ಚಿಕ್ಕಮಗಳೂರು ಸೇರುತ್ತಿತ್ತು. ಗಾಡಿ ನಿಲ್ಲುವುದು ತಪ್ಪಿದ ಮೇಲೆ ತೂಕ ಕಡಿಮೆಯಾಗುವುದೂ ತಪ್ಪಿತು. ನಾನು ಇಷ್ಟೇ ಹೇಳುತ್ತೇನೆ. ಯಾರೂ ಯಾರನ್ನೂ ಹಿಡಿಯಲಿಲ್ಲ, ಯಾರ ಮೇಲೂ ದೂರು ಹೋಗಲಿಲ್ಲ. ಸಾಹುಕಾರರು ಕಂಡಾಗಲೆಲ್ಲ ಮೊದಲಿನ ಹಾಗೇ ನಗುತ್ತಿದ್ದರು. ಗಾಡಿಯವರಲ್ಲೇ ಒಬ್ಬನ ಕೆಲಸ ಇರಬಹುದು, ಸಾಹುಕಾರರಿಗೆ ಏನೂ ಗೊತ್ತಿರಲಿಕ್ಕಿಲ್ಲ ಎಂದು ಯಜಮಾನರು ಕೊನೆಯವರೆಗೂ ಹೇಳುತ್ತಿದ್ದರು. ಇರಬಹುದು. ಆದರೆ ಅನುಮಾನವನ್ನು ನಮ್ಮ ಬಾಗಿಲಿಗೆ ಕಳಿಸಿಕೊಟ್ಟವರಿಗೆ, ಅದು ಬೇರೆ ಎಲ್ಲಿಗೆ ಹೋಗಬಾರದು ಎಂಬುದು ಗೊತ್ತಿತ್ತು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಬಟ್ಟೆ ಹಿಡಿದುಕೊಂಡು ಮತ್ತೆ ಬಂದರು. ಮೇಸ್ತ್ರಿಯ ಹೆಂಡತಿ ಎಲ್ಲರಿಗಿಂತ ಕೊನೆಗೆ ಬಂದು, "ರೈಟ್ರಮ್ಮ, ನಮ್ಮೋರು ಅವತ್ತು ಬಾಯಿ ಬಿಡ್ಬೇಕಿತ್ತು" ಎಂದಳು. ನಾನು ಅಳತೆ ತೆಗೆದೆ. ಉಳಿದ ಅಸಲನ್ನು ಎರಡು ವರ್ಷದಲ್ಲಿ ಕಟ್ಟಿದೆವು. ಕೊನೆಯ ದಿನ ನಾವು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡೇ ಅಂಗಡಿಗೆ ಹೋದೆವು. ಅವರ ಎದುರೇ ಹಳೇ ಪತ್ರದ ಮೇಲೆ 'ಪೂರ್ತಿ ಸಂದಿದೆ' ಎಂದು ಬರೆಸಿ, ಸಹಿ ಮಾಡಿಸಿ, ಆ ಪತ್ರ ಅದೇ ಹೌದೋ ಅಲ್ಲವೋ ಎಂದು ಮೇಲಿನಿಂದ ಕೆಳಗಿನವರೆಗೆ ಓದಿದೆ. ಈ ಸಲ ಯಜಮಾನರು ಬೀದಿಯ ಕಡೆ ತಿರುಗಲಿಲ್ಲ. ನಾನು ಓದಿ ಮುಗಿಸಿದ ಮೇಲೆ ತಾವೂ ಒಂದು ಸಲ ಓದಿದರು.

ಆ ವರ್ಷ ಹಿರಿಯ ಮಗಳಿಗೆ ಎರಡು ಲಂಗ ಹೊಲಿದೆ. ಅವಳಿಗೆ ಲಂಗದ ಆಸೆ ಆಗಲೇ ಕಳೆದಿತ್ತು; ಚಿಕ್ಕಮಗಳೂರಿನಲ್ಲಿದ್ದ ನನ್ನ ತಂಗಿಯ ಮನೆಯಲ್ಲಿದ್ದು ಶಾಲೆ ಓದುತ್ತೇನೆಂದು ಹಟ ಹಿಡಿದಿದ್ದಳು. ಅದಕ್ಕೆ ಪ್ರತಿ ತಿಂಗಳೂ ದುಡ್ಡು ಬೇಕು. ಬಡ್ಡಿಗೆಂದು ತೆಗೆದಿಡುತ್ತಿದ್ದ ಹಣ ಈಗ ಕೈಯಲ್ಲೇ ಉಳಿಯುತ್ತಿತ್ತು. ಅದನ್ನು ಮನೆಯಲ್ಲಿ ಇಡುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡು, ಒಂದು ದಿನ ಬಸ್ ಹಿಡಿದು ಮೂಡಿಗೆರೆಯ ಪೋಸ್ಟಾಫೀಸಿಗೆ ಹೋದೆವು.

ಕಿಟಕಿಯ ಒಳಗಿದ್ದವರು ಉಳಿತಾಯದ ಪಾಸ್‌ಬುಕ್ ತೆಗೆದು, "ಯಾರ ಹೆಸ್ರಿಗೆ ಬರೀಲಿ?" ಎಂದರು.

ನಾನು ಯಜಮಾನರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಹಿಂದೆ ನಿಂತಿದ್ದವರು ಬೇಗ ಹೇಳಿ ಎಂದು ಗೊಣಗಿದರು.

"ಅವಳ ಹೆಸರಿಗೇ ಬರೀರಿ" ಎಂದರು ಯಜಮಾನರು.

ವಾಪಸ್ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿರಲಿಲ್ಲ. ಅವರು ಮುಂದೆ, ಕಿರಿಯ ಮಗುವನ್ನು ಎತ್ತಿಕೊಂಡ ನಾನು ಹಿಂದೆ ನಿಂತಿದ್ದೆವು. ಬಣಕಲ್ ಬರುವ ತನಕ ನಾನು ಅವರ ತಲೆಯ ಹಿಂಭಾಗವನ್ನೇ ನೋಡುತ್ತಿದ್ದೆ. ನಂಬಿ ಹಾಗೆ ಹೇಳಿದರೋ, ಇನ್ನು ಮೇಲೆ ನಾನು ಮುಚ್ಚಿಡಲು ಏನೂ ಇರಬಾರದೆಂದು ಹೇಳಿದರೋ? ಎರಡೂ ಇದ್ದಿರಬಹುದು. ಇಳಿದ ಮೇಲೆ ಕೇಳಬೇಕೆಂದುಕೊಂಡೆ. ಇಳಿದಾಗ ಮಗು ಹಸಿದು ಅಳುತ್ತಿತ್ತು, ತೋಟದ ದಾರಿ ಉದ್ದ ಇತ್ತು. ಅವರು ಮಗುವನ್ನು ನನ್ನ ಕಂಕುಳಿಂದ ಎತ್ತಿಕೊಂಡು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನಡೆದರು.